ಲೆನ್ಸ್ ಇಲ್ಲ ಎಂದ ಕ್ಯಾಮೆರಾ

ಸಾಗರದ ಆ ಮನೆಯಲ್ಲಿ ಬೆಲೆಬಾಳುವ ಸಾಮಾನೆಲ್ಲ ಕಬ್ಬಿಣದ ಬೀರುವಿನಲ್ಲಿದ್ದರೆ, ಅದಕ್ಕಿಂತಲೂ ಬೆಲೆಬಾಳುವುದೆಂದು ಯಜಮಾನರು ತಿಳಿದಿದ್ದ ಸಾಮಾನು ಮಾತ್ರ ನಡುಮನೆಯ ಗೋಡೆಗೂಡಿನಲ್ಲಿತ್ತು. ಗೂಡಿಗೊಂದು ಮರದ ಬಾಗಿಲು, ಒಳಗೆ ಹಗಲೂ ರಾತ್ರಿ ಉರಿಯುವ ಹದಿನೈದು ವ್ಯಾಟಿನ ಬಲ್ಬು. ಬಾಗಿಲ ಸಂದಿಯಿಂದ ಬೆಳಕು ಕಂಡ ಹೊಸ ನೆಂಟರು ಅದನ್ನು ದೇವರ ಗೂಡೆಂದು ತಿಳಿದು ಕೈಮುಗಿದದ್ದೂ ಉಂಟು. ಒಳಗಿದ್ದದ್ದು ಕ್ಯಾಮೆರಾ ಮತ್ತು ಅದರ ಲೆನ್ಸುಗಳು.

ಮಲೆನಾಡಿನ ಮಳೆಗಾಲ ಕಂಡವರಿಗೆ ಈ ಬಲ್ಬಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಪೆಟ್ಟಿಗೆಯಲ್ಲಿಟ್ಟ ಧಾರೆ ಸೀರೆಗೆ ಹಿಡಿಯುವ ಬೂಷ್ಟು ಗಾಜನ್ನೂ ಬಿಡುವುದಿಲ್ಲ. ಲೆನ್ಸಿನ ಒಳಮೈಯಲ್ಲಿ ಮೊದಲು ಜೇಡನ ಬಲೆಯಂಥ ಎರಡು ಎಳೆ ಕಾಣಿಸುತ್ತದೆ. ಉದಾಸೀನ ಮಾಡಿದರೆ ಆ ಬೂಷ್ಟು ಒಸರುವ ಆಮ್ಲ ಗಾಜಿನ ಮೇಲಿನ ತೆಳುವಾದ ಲೇಪವನ್ನೇ ತಿಂದುಹಾಕುತ್ತದೆ. ಚರ್ಮದ ಚೀಲದಲ್ಲಿಟ್ಟರಂತೂ ಮುಗಿಯಿತು, ಸಾಕಿದ ಹಾಗೆಯೇ. ಬಲ್ಬಿನ ಶಾಖ ಗೂಡಿನ ಗಾಳಿಯನ್ನು ಒಣಗಿಸಿಡುತ್ತಿತ್ತು. ಅಪ್ಪಯ್ಯ ಊರಿಗೆ ಹೊರಟರೆ ಅಮ್ಮನಿಗೆ ಹೇಳುತ್ತಿದ್ದುದು ಎರಡೇ ಮಾತು: ಕೊಟ್ಟಿಗೆ ಬಾಗಿಲು, ಗೂಡಿನ ಬಲ್ಬು.

ಅಪ್ಪಯ್ಯ ಮಾರಿಗುಡಿಯ ಹತ್ತಿರ ಸ್ಟುಡಿಯೋ ತೆರೆದದ್ದು 1978ರಲ್ಲಿ. ಮೊದಮೊದಲು ಬಂದದ್ದೆಲ್ಲ ಎಸ್ಸೆಸ್ಸೆಲ್ಸಿ ಹುಡುಗರ ಪಾಸ್‌ಪೋರ್ಟ್ ಫೋಟೋ, ಬ್ಯಾಂಕ್ ಸಾಲದ ಫೋಟೋ, ಮೂರು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಗಂಡ ಹೆಂಡತಿ ಮಕ್ಕಳು ಸಾಲಾಗಿ ನಿಂತ ಫೋಟೋ. ಸ್ಟುಡಿಯೋದ ದೆಸೆ ತಿರುಗಿದ್ದು 1986ರಲ್ಲಿ, ಗಲ್ಫಿನಲ್ಲಿದ್ದ ದೂರದ ಸಂಬಂಧಿಕರೊಬ್ಬರು ತಂದುಕೊಟ್ಟ ನಿಕಾನ್ ಎಫ್‌ಎಂ2 ಕ್ಯಾಮೆರಾದಿಂದ. ಅದರ ಜೊತೆಗೆ ಎರಡು ಲೆನ್ಸು: ಒಂದು 50 ಮಿಲಿಮೀಟರಿನದು, ಇನ್ನೊಂದು 105 ಮಿಲಿಮೀಟರಿನ ಎಫ್ 2.5 ನಿಕ್ಕರ್. ದುಡ್ಡು ಹೊಂದಿಸಲು ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋದವು. ನಾಲ್ಕು ವರ್ಷದ ಮೇಲೆ ತಿರುಗಿ ಬಂದವು ಎನ್ನಿ. ಆದರೂ ಅಮ್ಮ ಆ ಉದ್ದನೆಯ ಲೆನ್ಸನ್ನು ಲೆನ್ಸ್ ಎಂದು ಕರೆದದ್ದೇ ಇಲ್ಲ. "ನನ್ನ ಬಳೆ ಒರೆಸಿಟ್ಟಾಯ್ತಾ?" ಎಂದೇ ಕೇಳುತ್ತಿದ್ದುದು.

ಆ 105ರ ಮಹಿಮೆ ಊರಿನಲ್ಲಿ ಬೇರೆಯೇ ರೀತಿಯಲ್ಲಿ ಹರಡಿತು. ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿಯ ಫೋಟೋವನ್ನು ಆ ಸ್ಟುಡಿಯೋದಲ್ಲಿ ತೆಗೆಸಿದರೆ ಸಂಬಂಧ ಕೂಡಿಬರುತ್ತದೆ ಎಂದು ಹೆಂಗಸರು ಮಾತಾಡಿಕೊಂಡರು. ಇದರಲ್ಲಿ ಪವಾಡವೇನೂ ಇರಲಿಲ್ಲ. ಸಾಧಾರಣ ಲೆನ್ಸಿನಲ್ಲಿ ಮುಖವನ್ನು ತುಂಬಿಸಬೇಕಾದರೆ ಮೂಗಿನ ಹತ್ತಿರಕ್ಕೇ ಹೋಗಬೇಕು. ಹತ್ತಿರ ಹೋದಷ್ಟೂ ಮೂಗು ದೊಡ್ಡದು, ಕಿವಿ ಚಿಕ್ಕದು. 105ರಲ್ಲಾದರೆ ಎರಡು ಮೀಟರ್ ದೂರ ನಿಂತೇ ಮುಖ ತುಂಬಿಸಬಹುದು. ಮೂಗು ಕಿವಿಗಳು ದೇವರು ಕೊಟ್ಟ ಅಳತೆಯಲ್ಲೇ ಉಳಿಯುತ್ತವೆ, ಹಿಂದಿನ ಗೋಡೆಯ ಕಲೆ ಮಸುಕಾಗಿ ಕರಗಿಹೋಗುತ್ತದೆ. ಅಲ್ಲದೆ ಎರಡು ಮೀಟರ್ ದೂರದಲ್ಲಿರುವ ಗಂಡಸಿನ ಎದುರು ಹಳ್ಳಿಯ ಹುಡುಗಿ ಸ್ವಲ್ಪ ನಿರಾಳವಾಗಿ ಉಸಿರಾಡಬಲ್ಲಳು. ಫೋಟೋ ಚೆನ್ನಾಗಿ ಬರಲು ಅರ್ಧ ಕಾರಣ ಇದೇ ಇರಬೇಕು.

ಸ್ಟೀವ್ ಮೆಕರಿ ಎಂಬ ಅಮೆರಿಕದ ಛಾಯಾಗ್ರಾಹಕ 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಆಫ್ಘನ್ ಹುಡುಗಿಯೊಬ್ಬಳ ಫೋಟೋ ತೆಗೆದದ್ದು, ಅದು 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಅದು ಎಫ್‌ಎಂ2 ಕ್ಯಾಮೆರಾ, 105ರ ಎಫ್ 2.5 ಲೆನ್ಸಿನಲ್ಲೇ ತೆಗೆದದ್ದು ಎಂಬುದು ಅಪ್ಪಯ್ಯನಿಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಂದಿನಿಂದ ಅಡಿಕೆ ಮಂಡಿಯ ಸಾಹುಕಾರರು ಬಂದರೂ, ಪಿಂಚಣಿ ಫೋಟೋದ ಅಜ್ಜಿ ಬಂದರೂ ಈ ಕಥೆ ಕೇಳದೆ ಎದ್ದುಹೋಗುವಂತಿರಲಿಲ್ಲ.

ಇಷ್ಟೆಲ್ಲ ಆಗಿ, ಊರಿಗೆಲ್ಲ ಫೋಟೋ ತೆಗೆದವರ ಮನೆಯಲ್ಲಿ ಅಮ್ಮನ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ರೋಲಿನ ಕೊನೆಯಲ್ಲಿ ಒಂದೆರಡು ಫ್ರೇಮ್ ಉಳಿದರೆ ಮನೆಗೆ ಬಂದು ಕರೆಯುತ್ತಿದ್ದರು. ಅಮ್ಮನ ಕೈ ಹಿಟ್ಟಾಗಿರುತ್ತಿತ್ತು, ಇಲ್ಲವೇ ಸೀರೆ ಹಳೆಯದಾಗಿರುತ್ತಿತ್ತು. "ಆಮೇಲೆ ತೆಗೀರಿ" ಎನ್ನುವಷ್ಟರಲ್ಲಿ ಆ ಫ್ರೇಮು ಯಾರದೋ ಮಗುವಿನ ನಾಮಕರಣಕ್ಕೆ ಖರ್ಚಾಗುತ್ತಿತ್ತು.

2003ರ ವೈಶಾಖದಲ್ಲಿ ಆದದ್ದನ್ನು ಆ ಮನೆಯಲ್ಲಿ ಯಾರೂ ಮಾತಿಗೆ ತರುವುದಿಲ್ಲ. ಪರಿಚಯದವರ ಮನೆಯ ಮದುವೆ. ಐದು ರೋಲು ಮುಗಿಸಿ ಬಂದ ಅಪ್ಪಯ್ಯ ಲ್ಯಾಬಿನಿಂದ ಪ್ರಿಂಟು ಬಂದಾಗ ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಧಾರೆ ಎರೆಯುವ ಫೋಟೋದಲ್ಲಿ ಹಿಂದಿನ ಮಾವಿನ ತೋರಣದ ಎಲೆಎಲೆಯೂ ಸ್ಪಷ್ಟ, ವಧೂವರರು ಮಂಜಿನೊಳಗೆ ನಿಂತ ಹಾಗೆ. ಮಾಂಗಲ್ಯಧಾರಣೆಯದೂ ಅದೇ ಕತೆ. ಎಫ್‌ಎಂ2ರ ಕಿಂಡಿಯ ನಡುವೆ ಒಂದು ಪುಟ್ಟ ವೃತ್ತ. ಅದರಲ್ಲಿ ಬಿಂಬ ಎರಡು ಹೋಳಾಗಿ ಕಾಣುತ್ತದೆ, ಲೆನ್ಸಿನ ಉಂಗುರ ತಿರುಗಿಸುತ್ತ ಹೋಳೆರಡನ್ನೂ ಒಂದು ಮಾಡಬೇಕು. ಆ ಹೋಳುಗಳು ಒಂದಾದವೋ ಇಲ್ಲವೋ ಎಂಬುದು ಅಪ್ಪಯ್ಯನ ಬಲಗಣ್ಣಿಗೆ ಕೆಲವು ತಿಂಗಳಿಂದಲೇ ತಿಳಿಯುತ್ತಿರಲಿಲ್ಲ. ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ.

ಆಟೋಫೋಕಸ್ ಕ್ಯಾಮೆರಾ ಕೊಳ್ಳಿರೆಂದು ಶಿವಮೊಗ್ಗದ ಗೆಳೆಯರು ಮೊದಲೇ ಹೇಳಿದ್ದರು. "ಕ್ಯಾಮೆರಾವೇ ನೋಡುವುದಾದರೆ ನಾನೆಂತಕ್ಕೆ?" ಎಂದಿದ್ದರು ಅಪ್ಪಯ್ಯ. ಈಗ ಮುಂಗಡ ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡು ಆ ಮನೆಗೆ ಹೋಗಿ ವಾಪಸು ಕೊಟ್ಟು ಬಂದರು. ವಧುವಿನ ಅಪ್ಪ "ಇರಲಿ ಬಿಡಿ, ಎಲ್ಲರಿಗೂ ಆಗ್ತದೆ" ಎಂದು ಕಾಫಿ ಕೊಟ್ಟರಂತೆ. ಅವರು ಎರಡು ಬೈದಿದ್ದರೆ ಒಳ್ಳೆಯದಿತ್ತು. ಮರುವರ್ಷ ಸ್ಟುಡಿಯೋದ ಬೋರ್ಡು ಇಳಿಯಿತು. ಪೊರೆಯ ಆಪರೇಷನ್ನು ಆಯಿತು, ಪೇಪರು ಓದುವಷ್ಟು ಕಣ್ಣು ಬಂತು. ಆದರೆ ಗೂಡಿನ ಬಾಗಿಲು ತೆರೆಯಲಿಲ್ಲ. ಒಳಗಿನ ಬಲ್ಬು ಯಾವಾಗ ಸುಟ್ಟುಹೋಯಿತೋ ಯಾರೂ ನೋಡಲಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು 2022ರ ಚೌತಿಗೆ ಬಂದವಳು ಇಲಿಯ ಸದ್ದು ಕೇಳಿ ಗೂಡು ತೆರೆದಳು. 50ರ ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಊರೇ ಇತ್ತು. 105ರಲ್ಲಿ ಅಂಚಿನಲ್ಲಿ ಒಂದು ಬೆರಳುಗುರುತಿನಷ್ಟು ಮಾತ್ರ. ಹೇಳದೆ ಕೇಳದೆ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಹೋದಳು. ಬೆಂಗಳೂರಿನ ರಿಪೇರಿಯವರು 50ರದು ಗಾಜಿನ ಲೇಪವೇ ಹೋಗಿದೆ ಎಂದು ಕೈಯಾಡಿಸಿದರು. 105ನ್ನು ಬಿಚ್ಚಿ ಒರೆಸಿ ಕೊಟ್ಟರು. ನಾಲ್ಕು ಗುಂಪಿನಲ್ಲಿ ಐದೇ ಐದು ಗಾಜು, ಮೋಟಾರಿಲ್ಲ, ಎಲೆಕ್ಟ್ರಾನಿಕ್ ಸರ್ಕ್ಯೂಟಿಲ್ಲ. ಕೆಡುವುದಕ್ಕೂ ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ.

ಲೆನ್ಸೇನೋ ಆಯಿತು, ಹಾಕುವುದು ಯಾವುದಕ್ಕೆ? ಮಗಳ ಹತ್ತಿರ ಇದ್ದದ್ದು ಸಹೋದ್ಯೋಗಿಯಿಂದ ಕೊಂಡ ಸೋನಿ ಎ7, ಎರಡನೇ ಆವೃತ್ತಿಯದು. ನಿಕಾನ್ ಲೆನ್ಸಿಗೆ ನಿಕಾನ್ ಕ್ಯಾಮೆರಾ ಹೊಂದುವುದು ಸಹಜವೆಂದು ಯಾರಾದರೂ ತಿಳಿದಾರು. ವಿಚಿತ್ರವೆಂದರೆ ಅದೇ ಕಂಪನಿಯ ಅಗ್ಗದ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೆ ಈ ಲೆನ್ಸು ಕೂರುತ್ತದೆಯಾದರೂ ಬೆಳಕು ಅಳೆಯುವ ಮೀಟರು ಕೆಲಸ ಮಾಡುವುದಿಲ್ಲ. ಪರಕೀಯನಾದ ಸೋನಿಯಲ್ಲಿ ಮಾಡುತ್ತದೆ. ದಾಯಾದಿಗಿಂತ ನೆರೆಮನೆಯವನೇ ಲೇಸೆಂಬ ನಮ್ಮ ಹಳ್ಳಿಗಳ ಅನುಭವಕ್ಕೆ ಜಪಾನೂ ಹೊರತಲ್ಲವೆಂದು ಕಾಣುತ್ತದೆ.

ಇದು ಸಾಧ್ಯವಾಗುವುದು ಕೆಲವು ಮಿಲಿಮೀಟರುಗಳ ಲೆಕ್ಕದಿಂದ. ಲೆನ್ಸು ಬಂದು ಕೂರುವ ಲೋಹದ ಉಂಗುರಕ್ಕೂ ಹಿಂದಿನ ಫಿಲ್ಮಿಗೂ ಇರುವ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. ನಿಕಾನ್ 1959ರಲ್ಲಿ ಗೊತ್ತುಮಾಡಿದ್ದು 46.5 ಮಿಲಿಮೀಟರ್. ಕ್ಯಾನನ್ನಿನ ಹಳೆಯ ಎಫ್‌ಡಿಯದು 42, ಮಿನೋಲ್ಟಾದ್ದು 43.5, ಪೆಂಟಾಕ್ಸಿನದು 45.46. ಎಲ್ಲವೂ ಇಷ್ಟು ದೂರ ಯಾಕೆಂದರೆ ನಡುವೆ ಒಂದು ಕನ್ನಡಿ ಮೇಲೆದ್ದು ಕೆಳಗಿಳಿಯಲು ಜಾಗ ಬೇಕಿತ್ತು. ಕನ್ನಡಿಯೇ ಇಲ್ಲದ ಹೊಸ ಕಾಲದ ಕ್ಯಾಮೆರಾಗಳಿಗೆ ಆ ಜಾಗ ಬೇಡ. ಸೋನಿಯಲ್ಲಿ ಅಂತರ 18 ಮಿಲಿಮೀಟರ್ ಮಾತ್ರ. ನಲವತ್ತಾರೂವರೆಯಲ್ಲಿ ಹದಿನೆಂಟು ಕಳೆದರೆ ಉಳಿಯುವ ಇಪ್ಪತ್ತೆಂಟೂವರೆ ಮಿಲಿಮೀಟರ್ ಉದ್ದದ ಒಂದು ಕೊಳವೆ ಸಿಕ್ಕರೆ ಸಾಕು, ಹಳೆಯ ಲೆನ್ಸಿಗೆ ತಾನು ಹಳೆಯ ಮನೆಯಲ್ಲೇ ಇದ್ದೇನೆ ಎನಿಸುತ್ತದೆ. ಅದಕ್ಕೆ ಅಡಾಪ್ಟರ್ ಎಂದು ಹೆಸರು. ಒಳಗೆ ಗಾಜಿಲ್ಲ, ಬರೀ ಗಾಳಿ. ಇದರ ತಿರುಗುಮುರುಗು ಮಾತ್ರ ಆಗದು. ಕ್ಯಾನನ್ ಎಫ್‌ಡಿ ಲೆನ್ಸನ್ನು ನಿಕಾನ್ ಎಸ್‌ಎಲ್‌ಆರ್‌ಗೆ ಹಾಕಬೇಕಾದರೆ ಅದನ್ನು ಕ್ಯಾಮೆರಾದೊಳಗೆ ನಾಲ್ಕೂವರೆ ಮಿಲಿಮೀಟರ್ ಹುಗಿಯಬೇಕು. ಹುಗಿಯಲಾಗದೆ ಹೊರಗೇ ನಿಂತರೆ ಹತ್ತಿರದ ಹೂವು ಕಂಡೀತು, ದೂರದ ಗುಡ್ಡ ಎಂದೂ ಸ್ಪಷ್ಟವಾಗದು.

ಎರಡು ಸಾವಿರ ಚಿಲ್ಲರೆಗೆ ಕೊಳವೆ ಬಂತು. ಸೋನಿಗೆ ಲೆನ್ಸನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ ಕೂರಿಸಬೇಕು, ನಿಕಾನ್ ಲೆನ್ಸನ್ನು ಅದಕ್ಕೆ ವಿರುದ್ಧವಾಗಿ. ಕೊಳವೆಯ ಎರಡು ತುದಿಗೆ ಎರಡು ಸಂಪ್ರದಾಯ. ಅಂತೂ ಕೂರಿಸಿ ಬಟನ್ ಒತ್ತಿದರೆ ಸದ್ದಿಲ್ಲ. ಲೆನ್ಸ್ ಗುರುತು ಸಿಗುತ್ತಿಲ್ಲ, ಫೋಟೋ ತೆಗೆಯಲಾಗದು ಎಂಬರ್ಥದ ಸೂಚನೆ ಪರದೆಯ ಮೇಲೆ. 435 ಗ್ರಾಂ ತೂಕದ ಲೋಹ ಮತ್ತು ಗಾಜು ಮೂತಿಯಲ್ಲಿ ನೇತಾಡುತ್ತಿದೆ, ಅದರ ಮೂಲಕ ಎದುರಿನ ಮನೆಯ ಟ್ಯಾಂಕು ಕಾಣುತ್ತಲೂ ಇದೆ, ಆದರೂ ಕ್ಯಾಮೆರಾದ ಪ್ರಕಾರ ಲೆನ್ಸ್ ಇಲ್ಲ! ಹೊಸ ಲೆನ್ಸುಗಳು ಕೂತ ಕೂಡಲೇ ತಂತಿಯ ಮೂಲಕ ತಮ್ಮ ಹೆಸರು, ಕುಲಗೋತ್ರ ಒಪ್ಪಿಸುತ್ತವೆ. ಇದಕ್ಕೆ ಬಾಯಿಲ್ಲ. ಎರಡು ದಿನ ಒದ್ದಾಡಿದ ಮೇಲೆ, ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ ಎಂದು ಹೇಳುವ ಒಂದು ಆಯ್ಕೆ ಮೆನುವಿನ ಮೂಲೆಯಲ್ಲಿ ಸಿಕ್ಕಿತು. ಕೈನಡುಕವನ್ನು ತಡೆಯುವ ವ್ಯವಸ್ಥೆಗೂ 105 ಎಂದು ತಾನೇ ಬರೆದುಕೊಟ್ಟಳು.

ಮೊದಲ ತಿಂಗಳು ಮಗಳು ತೆಗೆದದ್ದೆಲ್ಲ ಕಿವಿಯ ಫೋಟೋಗಳು. ಗೆಳತಿಯರ ಕಣ್ಣಿಗೆ ಗುರಿಯಿಟ್ಟರೆ ಕಿವಿಯ ಓಲೆ ಸ್ಪಷ್ಟ. ಈ ಲೆನ್ಸನ್ನು ಪೂರ್ತಿ ತೆರೆದು ಒಂದು ಮೀಟರ್ ದೂರದ ಮುಖಕ್ಕೆ ಹಿಡಿದರೆ ಸ್ಪಷ್ಟವಾಗಿ ಕಾಣುವ ಭಾಗದ ಆಳ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಎದುರಿನವರು ಉಸಿರೆಳೆದರೆ ಅದು ಮುಗಿಯಿತು. ಎರಡು ಮೀಟರಿಗೆ ಹೋದರೆ ಐದು ಸೆಂಟಿಮೀಟರ್ ಸಿಗುತ್ತದೆ. ಧಾರೆಯ ಗದ್ದಲದಲ್ಲಿ, ಹೊಗೆಯಲ್ಲಿ, ನೂಕುವ ಹೆಂಗಸರ ನಡುವೆ, ಪೊರೆ ಬಂದ ಕಣ್ಣಿನಲ್ಲಿ ಇಂಥದ್ದನ್ನು ಹಿಡಿದು ನಿಂತವರ ಪಾಡು ಅವಳಿಗೆ ಆಗ ತಿಳಿಯಿತು. 2003ರಲ್ಲಿ ಅವಳಿಗೆ ಹದಿಮೂರು ವರ್ಷ. ಶಾಲೆಯಲ್ಲಿ ಯಾರೋ ಆಡಿಕೊಂಡದ್ದಕ್ಕೆ ಅಪ್ಪಯ್ಯನ ಮೇಲೇ ಸಿಟ್ಟು ಮಾಡಿಕೊಂಡು ಒಂದು ವಾರ ಮಾತು ಬಿಟ್ಟಿದ್ದಳು.

ಮರುವರ್ಷ ಆಷಾಢದಲ್ಲಿ ಕ್ಯಾಮೆರಾ ಹೊತ್ತುಕೊಂಡು ಊರಿಗೆ ಬಂದಳು. ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದರು. ಅಷ್ಟು ಹೊತ್ತಿಗೆ ಬಲಗಣ್ಣಿನ ನಡುಭಾಗ ಮತ್ತೆ ಹೋಗಿತ್ತು. ಈ ಸಲ ಪೊರೆಯಲ್ಲ, ವಯಸ್ಸಾದವರ ಅಕ್ಷಿಪಟಲಕ್ಕೆ ಬರುವ ಸವೆತ. ಎದುರಿನವರ ಮುಖ ನೋಡಿದರೆ ಮುಖವೇ ಇಲ್ಲ, ಸುತ್ತಲಿನದೆಲ್ಲ ಇದೆ. ಎಡಗಣ್ಣು ಪರವಾಗಿಲ್ಲ.

ಲೆನ್ಸನ್ನು ಕೈಗೆ ಕೊಟ್ಟಾಗ ಅವರು ನೋಡಲಿಲ್ಲ, ಸವರಿದರು. ಮುಂದಿನ ನೆರಳುಗೊಳವೆಯನ್ನು ಹೊರಕ್ಕೆಳೆದರು, ಒಳಕ್ಕೆ ತಳ್ಳಿದರು. ಆಮೇಲೆ ಅದರ ಹಿಂದಿನ ಕ್ಯಾಮೆರಾದ ಹೆಸರನ್ನು ಎಡಗಣ್ಣಿನ ಹತ್ತಿರಕ್ಕೆ ತಂದು ಓದಿದರು.

"ಎಂತ ಮಾರಾಯ್ತಿ, ಸೋನಿ? ಟೇಪ್ ರೆಕಾರ್ಡರಿನ ಕಂಪನಿ ಅಲ್ಲದಾ ಅದು?"

"ಈಗ ಕ್ಯಾಮೆರಾನೂ ಮಾಡ್ತಾರೆ ಅಪ್ಪಯ್ಯ."

"ನಿಕಾನಿನವರು ಸುಮ್ಮನಿದ್ದಾರಾ?"

ನಿಕಾನ್ ಕಂಪನಿಯೇ 2018ರಲ್ಲಿ ಹೊಸ ಜಾತಿಯ ಕ್ಯಾಮೆರಾ ತಂದದ್ದು, ಅದರ ಅಂತರ 16 ಮಿಲಿಮೀಟರ್ ಎಂಬುದು, ತನ್ನ ಹಳೆಯ ಲೆನ್ಸುಗಳಿಗೆ ತಾನೇ ಕೊಳವೆ ಮಾರುತ್ತಿರುವುದು ಇವನ್ನೆಲ್ಲ ಮಗಳು ಹೇಳಿದಳು. ಅಪ್ಪಯ್ಯ ಕವಳ ಉಗುಳಿ ಬಂದು, "ಹಾಗಾದರೆ ಎಲ್ಲರೂ ಒಂದೇ" ಎಂದರು.

ಅವತ್ತು ಅವರು ಮುಟ್ಟಿದ್ದು ಅಷ್ಟೇ. ಮರುದಿನ ಬೆಳಿಗ್ಗೆ ಮಗಳು ಏಳುವ ಹೊತ್ತಿಗೆ ಕ್ಯಾಮೆರಾ ಜಗಲಿಗೆ ಹೋಗಿತ್ತು. ಅಪ್ಪಯ್ಯ ದೂರದ ಗುಡ್ಡದ ಮೇಲೆ ಫೋಕಸ್ ಮಾಡುತ್ತಿದ್ದರು. ಮಳೆ ಹೊಳವಾಗಿತ್ತು.

"ನಿನ್ನ ಕೊಳವೆ ಗಿಡ್ಡ ಇದೆ" ಎಂದರು ತಿರುಗದೆಯೇ. "ಕೊನೆಯ ಗೆರೆಗೆ ಇಟ್ಟರೆ ಗುಡ್ಡ ಮಸುಕು. ಗೆರೆಗಿಂತ ಮೊದಲೇ ಸ್ಪಷ್ಟ ಆಗಿ ಮುಂದೆ ಹೋಗ್ತದೆ."

ಹತ್ತು ತಿಂಗಳಲ್ಲಿ ಅವಳಿಗೆ ಕಾಣದ್ದು ಹತ್ತು ನಿಮಿಷದಲ್ಲಿ ಅವರಿಗೆ ಕಂಡಿತ್ತು. ಅಗ್ಗದ ಅಡಾಪ್ಟರುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡುವುದುಂಟು. ಉದ್ದವಾಗಿಬಿಟ್ಟರೆ ದೂರದ್ದು ಸ್ಪಷ್ಟವಾಗುವುದೇ ಇಲ್ಲವೆಂಬ ಭಯಕ್ಕೆ. ಆದರೆ ಲೆನ್ಸಿನ ಮೇಲೆ ಕೆತ್ತಿದ ಮೀಟರು ಅಡಿಗಳ ಲೆಕ್ಕ ಇದರಿಂದ ಸುಳ್ಳಾಗುತ್ತದೆ. ಅಪ್ಪಯ್ಯನದು ಆ ಲೆಕ್ಕದ ಮೇಲೇ ನಿಂತ ಬದುಕು. ಮದುವೆ ಮನೆಯಲ್ಲಿ ಮೂರು ಮೀಟರಿಗೆ ಉಂಗುರ ತಿರುಗಿಸಿಟ್ಟುಕೊಂಡು, ತಾವೇ ಹಿಂದೆಮುಂದೆ ಸರಿದು ಫೋಟೋ ಹೊಡೆಯುತ್ತಿದ್ದವರು. ಮಧ್ಯಾಹ್ನ ಟೈಲರ್ ಟೇಪು ಹಿಡಿದು ಜಗಲಿಯ ಕಂಬಗಳಿಗೆ ಅಳತೆ ಮಾಡಿದರು. ಮಗಳ ಉಗುರುಬಣ್ಣದ ಬಾಟಲಿ ತರಿಸಿ, ಬೆಂಕಿಕಡ್ಡಿಯ ತುದಿಯಲ್ಲಿ ಅದ್ದಿ, ಲೆನ್ಸಿನ ಮೇಲೆ ಮೂರು ಸಣ್ಣ ಕೆಂಪು ಚುಕ್ಕೆ ಇಟ್ಟರು. ಮೂವತ್ತೇಳು ವರ್ಷ ಒಂದು ಗೀರೂ ಬೀಳದಂತೆ ಕಾಪಾಡಿದ ಲೆನ್ಸು. ಮಗಳು ಬೇಡವೆನ್ನಲು ಬಾಯಿ ತೆರೆದವಳು ಸುಮ್ಮನಾದಳು.

ಎಡಗಣ್ಣಿನಿಂದ ನೋಡುವುದನ್ನು ಎಫ್‌ಎಂ2 ಎಂದೂ ಒಪ್ಪಿರಲಿಲ್ಲ. ಫಿಲ್ಮು ಸುತ್ತುವ ಅದರ ಸನ್ನೆಯನ್ನು ಹೊರಕ್ಕೆಳೆದಿಟ್ಟರೆ ಮಾತ್ರ ಬಟನ್ ಕೆಲಸ ಮಾಡುತ್ತದೆ, ಎಡಗಣ್ಣಿಗೆ ಹಿಡಿದರೆ ಆ ಸನ್ನೆ ಬಲಹುಬ್ಬಿಗೆ ತಿವಿಯುತ್ತದೆ. ಇದರಲ್ಲಿ ಸುತ್ತಲು ಫಿಲ್ಮೇ ಇಲ್ಲ. ಒಂದು ಗುಂಡಿ ಒತ್ತಿದರೆ ನೋಡುತ್ತಿರುವ ಜಾಗ ಆರು ಪಟ್ಟು, ಮತ್ತೊಮ್ಮೆ ಒತ್ತಿದರೆ ಸುಮಾರು ಹನ್ನೆರಡು ಪಟ್ಟು ದೊಡ್ಡದಾಗುತ್ತದೆ. ತುಳಸಿ ಎಲೆಯ ಮೇಲಿನ ಹುಳದ ಕಾಲನ್ನು ಅಪ್ಪಯ್ಯ ತುಂಬಾ ಹೊತ್ತು ನೋಡಿದರು. ಸ್ಪಷ್ಟವಾದ ಅಂಚುಗಳಿಗೆ ಕೆಂಪು ಬಣ್ಣ ಬಳಿದು ತೋರಿಸುವ ಇನ್ನೊಂದು ಸೌಲಭ್ಯವನ್ನೂ ಮಗಳು ಹಾಕಿಕೊಟ್ಟಳು. "ಇದು ಬೇಡ, ತೆಗಿ. ಮಾಸ್ತರು ಕಾಪಿಗೆ ಕೆಂಪು ಶಾಯಿ ಹಾಕಿದ ಹಾಗೆ ಕಾಣ್ತದೆ" ಎಂದರು. ಇನ್ನೊಂದು ಸಂಗತಿ ಮಾತ್ರ ಅವರನ್ನು ಬೆರಗುಗೊಳಿಸಿತು. ಹಳೆಯ ಕ್ಯಾಮೆರಾದಲ್ಲಿ ಅಪರ್ಚರ್ ಎಷ್ಟಕ್ಕೇ ಇಟ್ಟಿದ್ದರೂ ನೋಡುವಾಗ ಲೆನ್ಸು ತೆರೆದೇ ಇರುತ್ತಿತ್ತು, ಬಟನ್ ಒತ್ತಿದ ಕ್ಷಣಕ್ಕೆ ಮಾತ್ರ ಕಿರಿದಾಗುತ್ತಿತ್ತು. ಬರೀ ಕೊಳವೆಯಲ್ಲಿ ಆ ಕೊಂಡಿ ಇಲ್ಲ, ಉಂಗುರ ತಿರುಗಿಸಿದ ಹಾಗೇ ಒಳಗಿನ ಎಲೆಗಳು ಮುಚ್ಚಿಕೊಳ್ಳುತ್ತವೆ. ಕತ್ತಲಾಗಬೇಕಿತ್ತು. ಕ್ಯಾಮೆರಾ ತಾನೇ ಬೆಳಕು ಏರಿಸಿಕೊಂಡು ತೋರಿಸುತ್ತಿತ್ತು.

ಅಡುಗೆಮನೆಯ ಬಾಗಿಲ ಬೆಳಕಿನಲ್ಲಿ ಅಮ್ಮ ಮೆಟ್ಟುಗತ್ತಿಯ ಮೇಲೆ ಕೂತು ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚುತ್ತಿದ್ದರು. ಅಪ್ಪಯ್ಯ ಎರಡು ಮೀಟರಿನ ಚುಕ್ಕೆಗೆ ಉಂಗುರ ಇಟ್ಟು, ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೇ ಕೂತರು. ಅಮ್ಮನಿಗೆ ಕೇಳಿಸಿದ್ದು ಸದ್ದು.

"ಕೈಯೆಲ್ಲ ಎಲೆ ಆಗಿದೆ. ಆಮೇಲೆ ತೆಗೀರಿ."

"ಆಮೇಲೆ ಎಲ್ಲಿ ಕಣ್ಣು ಇರ್ತದೆ?" ಎಂದರು ಅಪ್ಪಯ್ಯ. ಅಮ್ಮ ಎಲೆ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ, ಎದ್ದುಹೋಗಲೂ ಇಲ್ಲ.

ಮೂವತ್ತೇಳು ಫೋಟೋ ಬಂದವು. ಮಗಳು ಎಣಿಸಿದಳು. ಮೂವತ್ತಾರರ ರೋಲಿನ ಕೊನೆಗೆ ಒಂದು ಹೆಚ್ಚು ಹಿಂಡಿ ತೆಗೆಯುವುದು ಹಿಂದಿನ ಚಾಳಿ. ಕಂಪ್ಯೂಟರಿಗೆ ಹಾಕಿ ನೋಡಿದರೆ ಬಹಳಷ್ಟು ಮಸುಕು. ಒಂದರಲ್ಲಿ ಹಿಂದಿನ ಮೊರ ಸ್ಪಷ್ಟ, ಒಂದರಲ್ಲಿ ಮೆಟ್ಟುಗತ್ತಿಯ ತುದಿ. ಒಂದರಲ್ಲಿ ಅಮ್ಮನ ಕೈ: ಬೆರಳಿನ ಗೆರೆಗಳು, ಎಲೆಯ ನೀರು, ಬಳೆಯ ಮೇಲಿನ ಸವೆದ ಹೂವು. ಮುಖ ಹಿಂದೆಲ್ಲೋ ಬೆಳಕಿನಂತೆ. ಅಪ್ಪಯ್ಯ ಅದನ್ನು ನೋಡಿ ತಲೆಯಾಡಿಸಿದರು. "ಕಣ್ಣಿಗೆ ಬರಬೇಕಿತ್ತು. ಹಾಳಾಯ್ತು." ಮಗಳು ಏನೋ ಹೇಳಹೊರಟಳು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಗ್ಗಿ ನೋಡಿ, "ಬಳೆ ಮಾತ್ರ ಚೆನ್ನಾಗಿ ಬಂದಿದೆ" ಎಂದರು. ಅಪ್ಪಯ್ಯನಿಗೆ ನಗು ತಡೆಯಲಾಗಲಿಲ್ಲ.

ಇಪ್ಪತ್ತೊಂಬತ್ತನೆಯದರಲ್ಲಿ ಅಮ್ಮನ ಕಣ್ಣು ಸಿಕ್ಕಿತ್ತು. ಎರಡಲ್ಲ, ಒಂದೇ. ಅಪ್ಪಯ್ಯ ಅದನ್ನು ಹನ್ನೆರಡು ಪಟ್ಟು ದೊಡ್ಡದು ಮಾಡಿಸಿ, ಎಡಗಣ್ಣನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ರೆಪ್ಪೆಯ ಕೂದಲನ್ನು ಒಂದೊಂದಾಗಿ ನೋಡಿದರು. ಫೋಟೋದ ವಿವರದಲ್ಲಿ ಕ್ಯಾಮೆರಾದ ಹೆಸರಿತ್ತು, ತಾರೀಕಿತ್ತು, ಲೆನ್ಸಿನ ಜಾಗ ಖಾಲಿಯಿತ್ತು. ಶಿವಮೊಗ್ಗಕ್ಕೆ ಕಳಿಸಿ ಹತ್ತು ಹನ್ನೆರಡು ಇಂಚಿನ ಪ್ರಿಂಟು ಹಾಕಿಸಿದರು. ಬೇರೆಯವರ ಹೆಣ್ಣುಮಕ್ಕಳ ಫೋಟೋದ ಹಿಂದೆ ಬರೆಯುತ್ತಿದ್ದಂತೆಯೇ ಇದರ ಹಿಂದೆಯೂ ಬಾಲ್‌ಪೆನ್ನಿನಲ್ಲಿ 105, ಎಫ್ 4 ಎಂದು ಬರೆದಿಟ್ಟರು.

ಮಗಳು ಕ್ಯಾಮೆರಾವನ್ನು ಸಾಗರದಲ್ಲೇ ಬಿಟ್ಟು ಹೋದಳು. ಗೂಡಿಗೆ ಮತ್ತೆ ಬಲ್ಬು ಬೇಕಾಯಿತು. ಪೇಟೆಯ ಅಂಗಡಿಗಳಲ್ಲಿ ಸಿಗುವುದೆಲ್ಲ ಎಲ್‌ಇಡಿ. ಬೆಳಕೇನೋ ಬೇಕಾದಷ್ಟು, ಶಾಖ ಮಾತ್ರ ಇಲ್ಲ. ಬೂಷ್ಟಿಗೆ ಬೆಳಕಿನಿಂದ ಏನಾಗಬೇಕು? ಕಾಯುವ ಹಳೇ ಬಲ್ಬು ಬೇಕೆಂದರೆ ಅಂಗಡಿಯ ಹುಡುಗರು ಮುಖ ಮುಖ ನೋಡಿದರು. ನಾಲ್ಕು ಅಂಗಡಿ ಸುತ್ತಿದ ಮೇಲೆ ಒಬ್ಬರ ಅಟ್ಟದಲ್ಲಿ ಹದಿನೈದು ವ್ಯಾಟಿನದು ಅರ್ಧ ಡಜನ್ ಸಿಕ್ಕಿತು. ಆರನ್ನೂ ಕೊಂಡುಕೊಂಡು, ಛತ್ರಿ ಬಿಚ್ಚಿ, ಅಪ್ಪಯ್ಯ ಮಳೆಯಲ್ಲಿ ಮನೆಗೆ ನಡೆದರು.